ಹೊಸಮಳೆಯ ಚಿಗುರಡುಗೆ: ಅರಸೀಕೆರೆ, ಹಳೇಬೀಡು, ಬೇಲೂರು ಸೀಮೆ

ಹಾಸನ ಜಿಲ್ಲೆಯ ಅರಸೀಕೆರೆಯಿಂದ ಹಳೇಬೀಡು, ಬೇಲೂರಿನವರೆಗೆ ಹರಡಿರುವ ಸೀಮೆಯಲ್ಲಿ ಯುಗಾದಿಯಿಂದ ಆಷಾಢ ಕಳೆಯುವವರೆಗೆ ಮರ, ಬಳ್ಳಿ, ಹೊಲದ ಕಳೆ, ಬಿದಿರುಮೆಳೆಗಳ ಎಳೆಯ ತುದಿಗಳನ್ನು ಕೊಯ್ದು ಮಾಡುವ ಮನೆಯಡುಗೆಗಳನ್ನು ಒಟ್ಟಾಗಿ ಚಿಗುರಡುಗೆ ಎನ್ನಬಹುದು. ಹುಣಸೆ ಚಿಗುರು, ಬೆರಕೆ ಸೊಪ್ಪು, ಕುಂಬಳದ ಕುಡಿ, ತಗಚೆ ಸೊಪ್ಪು, ಕೆಸು, ಕಳಲೆ ಇದರ ಮುಖ್ಯ ಸಾಮಗ್ರಿಗಳು. ಯೂರೋಪಿನ ಹಲವು ಮನೆಗಳು ವಸಂತ ಬಂತೆಂದರೆ ಆಸ್ಪರಾಗಸ್ ಎಂಬ ಮೊಳಕೆಯ ತರಕಾರಿಗೆ ಕಾಯುತ್ತ ಕೂರುತ್ತವೆ. ಇಲ್ಲಿ ಹಾಗಲ್ಲ. ಮಳೆ ಬಿದ್ದಂತೆಲ್ಲ ಒಂದರ ಹಿಂದೆ ಒಂದು ಚಿಗುರು ಸರದಿಯಂತೆ ಅಡುಗೆಮನೆಗೆ ಬರುತ್ತದೆ. ಪ್ರತಿಯೊಂದೂ ಇರುವುದು ಕೆಲವೇ ವಾರ, ಸಿಗುವುದು ಮಡಿಲು ತುಂಬುವಷ್ಟು. ಅಷ್ಟರಲ್ಲೇ ಮನೆಮಂದಿಗೆಲ್ಲ ಎರಡು ಬಗೆಯ ಅಡುಗೆ ಹೊಂದಿಸುವ ಬಸ್ಸಾರಿನ ಉಪಾಯವೇ ಈ ಅಡುಗೆಯ ಜೀವಾಳ.

ನೆಲ ಮತ್ತು ಮಳೆ

ಕರ್ನಾಟಕವನ್ನು ಕೃಷಿ ಹವಾಮಾನದ ದೃಷ್ಟಿಯಿಂದ 10 ವಲಯಗಳಾಗಿ ವಿಂಗಡಿಸಲಾಗಿದೆ. ಅರಸೀಕೆರೆ ತಾಲ್ಲೂಕು ಚಿತ್ರದುರ್ಗದ ಜೊತೆ ಮಧ್ಯ ಒಣ ವಲಯಕ್ಕೆ ಸೇರಿದರೆ, ಬೇಲೂರು ತಾಲ್ಲೂಕು ದಕ್ಷಿಣದ ಸಂಕ್ರಮಣ ವಲಯಕ್ಕೆ ಸೇರುತ್ತದೆ. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ, ಸಕಲೇಶಪುರದ ಕಡೆಗೆ ಸರಿದರೆ ಗುಡ್ಡಗಾಡು ವಲಯ. ಒಂದೇ ಜಿಲ್ಲೆಯೊಳಗೆ, ಬಸ್ಸಿನಲ್ಲಿ ಒಂದು ಬೆಳಗಿನ ದಾರಿಯಲ್ಲಿ, ತೆಂಗು ಮತ್ತು ರಾಗಿಯ ಬಯಲು ಮುಗಿದು ಗದ್ದೆ, ಕಾಫಿ ತೋಟಗಳ ಮಲೆನಾಡಿನ ಸೆರಗು ಶುರುವಾಗುತ್ತದೆ. ಹಳೇಬೀಡು ಆಡಳಿತದ ಲೆಕ್ಕದಲ್ಲಿ ಬೇಲೂರು ತಾಲ್ಲೂಕಿನ ಹೋಬಳಿ, ಬೇಲೂರಿನಿಂದ 16 ಕಿ.ಮೀ. ದೂರ. ಊಟದ ಲೆಕ್ಕದಲ್ಲಿ ಮಾತ್ರ ಅದು ಎರಡು ಸೀಮೆಗಳ ನಡುವಿನ ಹೊಸಿಲು. ರಾಗಿಮುದ್ದೆಯೂ ಅಕ್ಕಿರೊಟ್ಟಿಯೂ ಅಲ್ಲಿ ಒಂದೇ ಮನೆಯಲ್ಲಿ, ಒಂದೇ ದಿನ ಆಗುತ್ತವೆ.

ಇಲ್ಲಿನ ಹಳಬರು ಈ ಕಾಲವನ್ನು ತಿಂಗಳುಗಳಿಗಿಂತ ಮಳೆ ನಕ್ಷತ್ರಗಳಿಂದಲೇ ಹೆಚ್ಚು ಗುರುತಿಸುತ್ತಾರೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ, ಆಮೇಲೆ ರೋಹಿಣಿ. ಜೂನ್ 8ರ ಸುಮಾರಿಗೆ ಮೃಗಶಿರ ಹುಟ್ಟುತ್ತದೆ, 22ರ ಹೊತ್ತಿಗೆ ಆರಿದ್ರಾ. ಭರಣಿ ಮಳೆ ಗುಡುಗು ಸಿಡಿಲಿನೊಂದಿಗೆ ಬಂದು ನೆಲ ನೆನೆಸಿ ಹೋದರೆ ವಾರದೊಳಗೆ ಬೇಲಿಸಾಲು ಹಸಿರಾಗುತ್ತದೆ. ಅರಸೀಕೆರೆ ಕಡೆ ಈ ಬಿಡಿಮಳೆಗಳ ಮೇಲೆಯೇ ಬೇಸಿಗೆಯ ಸೊಪ್ಪು ನಿಂತಿದೆ. ಬೇಲೂರಿನ ಪಶ್ಚಿಮದ ಹಳ್ಳಿಗಳಿಗೆ ಮೃಗಶಿರದ ನಂತರದ ಜಡಿಮಳೆಯೇ ಮುಖ್ಯ. ಎಂಥ ಚಿಗುರು ಯಾವ ಊರಿನ ತಟ್ಟೆಗೆ ಬರುತ್ತದೆ ಎಂಬುದನ್ನು ಜಾತಿ, ಮತಗಳಿಗಿಂತ ಹೆಚ್ಚಾಗಿ ಈ ಮಳೆಯೇ ತೀರ್ಮಾನಿಸಿದೆ.

ಬೇಲಿಯಲ್ಲಿರುವ ಆಸ್ಪರಾಗಸ್

ಪಾಶ್ಚಾತ್ಯರ ಊಟದ ಆಸ್ಪರಾಗಸ್ ಈ ಸೀಮೆಗೆ ಹೊರಗಿನದು. ಅದರ ಹತ್ತಿರದ ನಂಟ ಮಾತ್ರ ಇಲ್ಲಿನ ಬೇಲಿಗಳಲ್ಲೂ ಕುರುಚಲು ಕಾಡಿನಲ್ಲೂ ತಾನಾಗಿ ಬೆಳೆಯುತ್ತದೆ. ಅದೇ ಶತಾವರಿ. ಹಳ್ಳಿಗರ ಬಾಯಲ್ಲಿ ಹಲವು ಮಕ್ಕಳ ತಾಯಿ ಬೇರು. ಸಸ್ಯಶಾಸ್ತ್ರದಲ್ಲಿ ಇದು ಆಸ್ಪರಾಗಸ್ ರೆಸಿಮೋಸಸ್, ತರಕಾರಿಯದು ಆಸ್ಪರಾಗಸ್ ಅಫಿಸಿನಾಲಿಸ್. ಎರಡೂ ಒಂದೇ ಕುಲ. ಶತಾವರಿ ಮುಳ್ಳುಳ್ಳ ಹಂಬು. ಎಲೆಯಂತೆ ಕಾಣುವ ಅದರ ಸೂಜಿಯಂಥ ಹಸಿರೆಳೆಗಳು ನಿಜಕ್ಕೂ ರೂಪ ಬದಲಿಸಿದ ಕಾಂಡ. ಹೂವು ಬಿಳಿ, ನವಿರಾದ ಪರಿಮಳ, ಹಣ್ಣು ಕೆಂಪು. ಮದುವೆಮನೆಯ ಹೂಗುಚ್ಛಗಳಲ್ಲಿ ಹಸಿರಿಗಾಗಿ ಸೇರಿಸುವ ಗರಿಯಂಥ ಗಿಡವೂ ಇದೇ ಕುಲದ ಇನ್ನೊಂದು ಜಾತಿ.

ಗಿಡವನ್ನು ಅಗೆದರೆ ಬುಡದಲ್ಲಿ ಬೆರಳು ಗಾತ್ರದ ಗೆಡ್ಡೆಬೇರುಗಳು ಗೊಂಚಲುಗಟ್ಟಿ ಸಿಗುತ್ತವೆ. ಸಿಪ್ಪೆ ಸುಲಿದು, ನಡುವಿನ ನಾರು ತೆಗೆದು, ಹಾಲಿನಲ್ಲಿ ಬೇಯಿಸಿ ಬಾಣಂತಿಯರಿಗೆ ಕೊಡುವುದು ರೂಢಿ. ಕರು ಹಾಕಿದ ಹಸುವಿಗೂ ಇದನ್ನು ತಿನ್ನಿಸುವವರಿದ್ದಾರೆ. ಆಯುರ್ವೇದದಲ್ಲಿ ಶತಾವರಿಯ ಸ್ಥಾನ ದೊಡ್ಡದು, ಬೇರಿಗಾಗಿ ಬೇಸಾಯವೂ ನಡೆದಿದೆ. ಹೊಸಮಳೆಗೆ ಇದರ ಬುಡದಿಂದಲೂ ಎಳೆಯ ಮೊಳಕೆಗಳು ಎದ್ದು ನಿಲ್ಲುತ್ತವೆ. ಕಣ್ಣಿಗೆ ಅವು ಪೆನ್ಸಿಲ್ ಗಾತ್ರದ ಆಸ್ಪರಾಗಸ್ ಮೊಳಕೆಗಳೇ. ಆದರೆ ಹಾಸನದ ಕಡೆ ಅದನ್ನು ಕೊಯ್ದು ಪಲ್ಯ ಮಾಡುವ ವಾಡಿಕೆ ಬೆಳೆದಿಲ್ಲ. ನೇಪಾಳದಲ್ಲಿ ಇದೇ ಗಿಡದ ಮೊಳಕೆ ಕುರಿಲೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬರುವ ತರಕಾರಿ. ಒಂದೇ ಗಿಡ ಹಿಮಾಲಯದ ತಪ್ಪಲಲ್ಲಿ ಪಲ್ಯವಾಗಿ ಅರಸೀಕೆರೆಯಲ್ಲಿ ಮದ್ದಾದದ್ದಕ್ಕೆ ದೊಡ್ಡ ಕಾರಣವೇನೂ ಇರಬೇಕಾಗಿಲ್ಲ. ಸೊಪ್ಪಿಗೆ ಬರವಿಲ್ಲದ ಕಡೆ ಮುಳ್ಳಿನ ಹಂಬಿಗೆ ಯಾರು ಕೈ ಹಾಕುತ್ತಾರೆ?

ತರಕಾರಿ ಆಸ್ಪರಾಗಸ್ ಬಹುವಾರ್ಷಿಕ ಬೆಳೆ. ನೆಟ್ಟ ಮೊದಲೆರಡು ವರ್ಷ ಕೊಯ್ಯದೆ ಬುಡ ಬಲಿಯಲು ಬಿಡುತ್ತಾರೆ. ಆಮೇಲೂ ವರ್ಷಕ್ಕೆ ಆರರಿಂದ ಎಂಟು ವಾರ ಮಾತ್ರ ಕೊಯ್ಲು. ಚಳಿಗಾಲದಲ್ಲಿ ಗಿಡ ಒಣಗಿ ನಿದ್ರಿಸಿ, ವಸಂತದ ಬಿಸಿಗೆ ಒಮ್ಮೆಲೇ ಮೊಳಕೆ ತೂರಿಸುವುದರಿಂದ ಯೂರೋಪಿನಲ್ಲಿ ಅದಕ್ಕೊಂದು ಹಬ್ಬದ ಕಳೆ ಬಂದಿದೆ. ಜರ್ಮನಿಯಲ್ಲಿ ಸಂಪ್ರದಾಯದಂತೆ ಜೂನ್ 24ಕ್ಕೆ ಕೊಯ್ಲು ನಿಲ್ಲಿಸುತ್ತಾರೆ. ಬುಡಕ್ಕೆ ಮುಂದಿನ ವರ್ಷದ ಶಕ್ತಿ ಕೂಡಿಟ್ಟುಕೊಳ್ಳಲು ಬಿಡುವು ಬೇಕು. ಮೈಸೂರು ಪ್ರಸ್ಥಭೂಮಿಯಲ್ಲಿ ಗಿಡವನ್ನು ಮಲಗಿಸುವಷ್ಟು ಚಳಿ ಇಲ್ಲ. ಇಲ್ಲಿ ಗಿಡಗಳು ಮಲಗಿ ಏಳುವುದು ಬೇಸಿಗೆಯ ಬಿಸಿಲಿಗೆ ಮತ್ತು ಮೊದಲ ಮಳೆಗೆ.

ಹುಣಸೆ ಚಿಗುರು

ಸರದಿಯಲ್ಲಿ ಮೊದಲು ಬರುವುದು ಹುಣಸೆ, ಅದೂ ಮಳೆಗೆ ಕಾಯದೆ. ಫೆಬ್ರವರಿಯಿಂದ ಕಾಯಿ ಬಡಿಯುವ ಕೆಲಸ ಶುರುವಾಗಿ ಯುಗಾದಿಯ ಹೊತ್ತಿಗೆ ಮರ ಬೋಳಾಗುತ್ತದೆ. ಅದರ ಬೆನ್ನಿಗೇ ತಾಮ್ರ ಬಣ್ಣ ಬೆರೆತ ತಿಳಿಹಸಿರು ಚಿಗುರು. ಬಾಣಾವರ, ಅರಸೀಕೆರೆ, ಜಾವಗಲ್ಲಿನ ಸುತ್ತ ರಸ್ತೆಯಂಚಿನ ಹಳೆಯ ಹುಣಸೆಮರಗಳೇ ಇದರ ತೋಟ. ಕೊಯ್ಯಬೇಕಾದ್ದು ಚಿಕ್ಕ ಎಲೆಗಳಿನ್ನೂ ಬಿಡಿಸಿಕೊಳ್ಳದೆ ಜೋಡಿಜೋಡಿಯಾಗಿ ಮಡಚಿಕೊಂಡಿರುವಾಗ. ಎಲೆ ಬಿಚ್ಚಿ ಕಡುಹಸಿರಾದ ಮೇಲೆ ಹುಳಿ ಉಳಿದರೂ ಅಗಿದರೆ ನಾರು. ಮನೆಗೆ ತಂದ ಚಿಗುರನ್ನು ಮೊರದಲ್ಲಿ ಹರಡಿ ಕಡ್ಡಿ ಆರಿಸಿ, ಅಂಗೈಯಲ್ಲಿ ಹಗುರವಾಗಿ ತಿಕ್ಕಿದರೆ ಎಲೆ ಉದುರಿ ದಂಟು ಕೈಯಲ್ಲುಳಿಯುತ್ತದೆ.

ಸಾಮಾನ್ಯ ಅಡುಗೆ ತೊಗರಿಬೇಳೆಯ ಸಾರು. ಬೇಳೆ ಬೆಂದ ಮೇಲೆ ಎರಡು ಹಿಡಿ ಚಿಗುರು, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಒಂದು ಕುದಿ ಬರಿಸಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಹುಣಸೆಹಣ್ಣು ಬೇಡ, ಚಿಗುರಿನಲ್ಲೇ ಟಾರ್ಟಾರಿಕ್ ಆಮ್ಲದ ಹುಳಿ ಇದೆ. ಬೇಳೆ ಬೇಯುವ ಮೊದಲೇ ಹಾಕಿದರೆ ಹುಳಿಗೆ ಸಿಕ್ಕಿ ಬೇಳೆ ಬೇಯದೆ ಮೊಂಡು ಹಿಡಿಯುತ್ತದೆ. ಹೊಸದಾಗಿ ಅಡುಗೆ ಕಲಿಯುವವರು ಎಡವುವುದು ಇಲ್ಲೇ. ಚಿಗುರನ್ನು ಎಣ್ಣೆಯಲ್ಲಿ ಬಾಡಿಸಿ ಕಾಯಿ, ಮೆಣಸಿನಕಾಯಿ ಜೊತೆ ರುಬ್ಬಿದ ಚಟ್ನಿ ಎರಡು ದಿನ ಕೆಡದೆ ಇರುತ್ತದೆ. ಬಾಡೂಟದ ಮನೆಗಳಲ್ಲಿ ಕುರಿಮಾಂಸಕ್ಕೂ ಒಣಮೀನಿಗೂ ಚಿಗುರು ಬೀಳುವುದುಂಟು. ಆಂಧ್ರ, ತೆಲಂಗಾಣಗಳಲ್ಲಿ ಇದೇ ಚಿಗುರು ಪೇಟೆಯ ದೊಡ್ಡ ಸರಕು. ಅರಸೀಕೆರೆಯ ಕಡೆ ಅದು ಇನ್ನೂ ಮರವಿದ್ದವರ, ಮರ ಹತ್ತುವ ಮಕ್ಕಳಿದ್ದವರ ಸೊತ್ತು.

ಇದೇ ದಿನಗಳಲ್ಲಿ ಬೇವಿನ ಹೂವು, ಮಾವಿನಕಾಯಿ ಯುಗಾದಿಯ ಅಡುಗೆಗೆ ಬರುತ್ತವೆ. ಬೇಲೂರಿನ ಕಡೆ ಎಳೆ ಹಲಸಿನ ಪಲ್ಯವೂ ಈಗಲೇ. ಅಲ್ಲಿನ ಚೆನ್ನಕೇಶವನ ರಥೋತ್ಸವ ನಡೆಯುವುದು ಚೈತ್ರದಲ್ಲಾದ್ದರಿಂದ ನಂಟರಿಷ್ಟರು ತುಂಬಿದ ಮನೆಗಳಲ್ಲಿ ಎಳೆ ಹಲಸಿಗೆ ಒಳ್ಳೆಯ ಬೆಲೆ.

ಬೆರಕೆ ಸೊಪ್ಪು ಮತ್ತು ಬಸ್ಸಾರು

ಹೊಲಕ್ಕೆ ನೇಗಿಲು ಬಿದ್ದು ಎರಡು ಮಳೆಯಾದರೆ ಬಿತ್ತದ ಬೆಳೆಯೊಂದು ತಾನಾಗಿ ಏಳುತ್ತದೆ. ಅಣ್ಣೆಸೊಪ್ಪು, ಗಣಿಕೆ, ಹೊನಗೊನೆ, ಚಿಲಕರಿವೆ, ಗೋಣಿಸೊಪ್ಪು. ರೈತನ ಕಣ್ಣಿಗೆ ಕಳೆ, ಮನೆಯಾಕೆಯ ಕಣ್ಣಿಗೆ ಮಧ್ಯಾಹ್ನದ ಸಾರು. ರಾಗಿ ಹೊಲದಲ್ಲಿ ಎಡೆಕುಂಟೆ ಹೊಡೆದು ಕಳೆ ತೆಗೆಯುವ ಹೆಣ್ಣುಮಕ್ಕಳು ಕೆಲಸದ ನಡುವೆಯೇ ಎಳೆಯ ಕುಡಿಗಳನ್ನಷ್ಟೇ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಅಕ್ಕಡಿ ಸಾಲಿನಲ್ಲಿ ರಾಗಿಯ ನಡುವೆ ಹಾಕಿದ ಸಾಸಿವೆ ಒತ್ತಾಗಿ ಎದ್ದಿದ್ದರೆ ತೆಳುಮಾಡಿ ಕಿತ್ತ ಪೈರೂ ಇದಕ್ಕೇ ಸೇರುತ್ತದೆ. ಕೆರೆಯಂಗಳದ ಒಂದೆಲಗ, ಹಿತ್ತಿಲ ನುಗ್ಗೆಸೊಪ್ಪು, ದಂಟಿನ ಸೊಪ್ಪು ಬೇಕಾದರೆ ಜೊತೆಗೆ. ಐದರಿಂದ ಹತ್ತು ಬಗೆ ಕೂಡಿದ ಇದೇ ಬೆರಕೆ ಸೊಪ್ಪು.

ಬೆರಕೆಗೂ ಒಂದು ಹದವಿದೆ. ಗಣಿಕೆ ಕಹಿ, ಗೋಣಿಸೊಪ್ಪು ಹುಳಿ ಮತ್ತು ಲೋಳೆ, ಸಾಸಿವೆ ಖಾರ. ಇವು ಮಿತವಾಗಿರಬೇಕು. ಸಪ್ಪೆ ಸ್ವಭಾವದ ಅಣ್ಣೆ, ಅರಿವೆ, ದಂಟು ಮುಕ್ಕಾಲು ಪಾಲು ಇರಬೇಕು. ಅಣ್ಣೆಸೊಪ್ಪು, ಅಂದರೆ ಸೆಲೋಸಿಯ ಅರ್ಜೆಂಟಿಯ, ತುದಿಯಲ್ಲಿ ಗುಲಾಬಿ ಬಿಳುಪಿನ ತೆನೆ ಬಿಡುವ ಮೊದಲೇ ಬೇಕು. ತೆನೆ ಬಂದ ಮೇಲೆ ದನಕ್ಕೆ.

ಬಸ್ಸಾರು ಮಾಡುವ ಕ್ರಮ ಮನೆಮನೆಗೆ ಸ್ವಲ್ಪ ಬೇರೆ, ತಿರುಳು ಒಂದೇ. ಐದಾರು ಜನರ ಮನೆಗೆ ಒಂದು ಪಾವು ತೊಗರಿಬೇಳೆ ಅಥವಾ ರಾತ್ರಿ ನೆನೆಸಿದ ಅಲಸಂದೆ, ಹೆಸರು, ಹುರುಳಿಯಂಥ ಕಾಳನ್ನು ಧಾರಾಳ ನೀರಿನಲ್ಲಿ ಬೇಯಲು ಇಡುತ್ತಾರೆ. ಕುಕ್ಕರಿನಲ್ಲಿ ಕೂಗಿಸುವುದು ಇದಕ್ಕೆ ಒಗ್ಗದು. ಬೇಳೆ ಬೆಂದಿರಬೇಕು, ಒಡೆದು ಕಲಸಿರಬಾರದು. ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು, ಉಪ್ಪು. ಸೊಪ್ಪು ಕುಗ್ಗಿ ಬಣ್ಣ ಇನ್ನೂ ಹಸಿರಾಗಿರುವಾಗಲೇ ಪಾತ್ರೆಯನ್ನು ಬಗ್ಗಿಸಿ, ಮುಚ್ಚಳ ಓರೆಯಾಗಿ ಹಿಡಿದು, ನೀರನ್ನು ಇನ್ನೊಂದು ಪಾತ್ರೆಗೆ ಬಸಿಯುತ್ತಾರೆ. ಈ ಬಸಿದ ನೀರಿಗೆ ಕಟ್ಟು ಎನ್ನುತ್ತಾರೆ. ತಿಳಿ ಹಸಿರು, ಬೇಳೆಯ ಗಂಜಿಯಿಂದ ಸ್ವಲ್ಪ ಮಂದ, ಸೊಪ್ಪಿನ ಗಮ.

ಇಲ್ಲಿಂದ ಒಲೆ ಎರಡಾಗುತ್ತದೆ. ಕೆಂಡದಲ್ಲೋ ಗ್ಯಾಸಿನ ಉರಿಯಲ್ಲೋ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಒಣಮೆಣಸಿನಕಾಯಿ, ಧನಿಯ, ಜೀರಿಗೆ, ನಾಲ್ಕು ಕಾಳು ಮೆಣಸು, ತೆಂಗಿನಕಾಯಿ, ಹುಣಸೆಹಣ್ಣು, ಇವುಗಳ ಜೊತೆ ಬೆಂದ ಸೊಪ್ಪುಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಆ ಒಂದು ಹಿಡಿ ಸೊಪ್ಪುಕಾಳನ್ನು ಮರೆತರೆ ಸಾರು ನೀರಾಗಿ ಮುದ್ದೆಗೆ ಅಂಟುವುದಿಲ್ಲ. ಬಸಿದು ಉಳಿದದ್ದಕ್ಕೆ ಸಾಸಿವೆ, ಈರುಳ್ಳಿ, ಮುರಿದ ಮೆಣಸಿನಕಾಯಿಯ ಒಗ್ಗರಣೆ ಹಾಕಿ ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯ. ಬಿಸಿ ಮುದ್ದೆ, ಮಧ್ಯದಲ್ಲಿ ಸಾರು, ಬದಿಯಲ್ಲಿ ಪಲ್ಯ. ಒಂದು ಕಟ್ಟು ಸೊಪ್ಪಿನಲ್ಲಿ ಎರಡು ಅಡುಗೆ ಆದಂತಾಯಿತು. ಉಳಿದ ಸಾರನ್ನು ರಾತ್ರಿ ಮತ್ತೆ ಕುದಿಸಿಟ್ಟು ಮರುದಿನ ಉಂಡರೆ ಇನ್ನೂ ರುಚಿ ಎನ್ನುವವರು ಬಹಳ. ರುಬ್ಬಿದ್ದೆಲ್ಲ ರಾತ್ರಿಯಿಡೀ ಕಟ್ಟಿನಲ್ಲಿ ಇಳಿಯುವುದರಿಂದ ಆ ಮಾತಿನಲ್ಲಿ ಸತ್ಯವಿದೆ.

ಆಹಾರವಿಜ್ಞಾನವೂ ಈ ಪದ್ಧತಿಯ ಪರವಾಗಿಯೇ ಇದೆ. ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿದಾಗ ನೀರಿಗಿಳಿಯುವ ಪೊಟ್ಯಾಸಿಯಂ, ಫೋಲೇಟ್ ಮುಂತಾದವು ನೀರು ಚೆಲ್ಲಿದರೆ ಮೋರಿ ಪಾಲು. ಬಸ್ಸಾರಿನಲ್ಲಿ ಅವು ಸಾರಿನ ಬಟ್ಟಲಿನಲ್ಲೇ ಉಳಿಯುತ್ತವೆ. ಮುದ್ದೆಯ ರಾಗಿಯಿಂದ ಸುಣ್ಣದ ಅಂಶ, 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು.

ಇದೇ ಕಟ್ಟಿಗೆ ಮಸಾಲೆ ರುಬ್ಬಿ ಹಾಕದೆ ಬರಿದೇ ಕುದಿಸಿ, ಖಾರವನ್ನು ಬೇರೆಯಾಗಿ ಅರೆದು ತಟ್ಟೆಯ ಅಂಚಿಗೆ ಇಟ್ಟುಕೊಂಡು ಬೇಕಾದಷ್ಟು ಕಲಸಿಕೊಂಡರೆ ಉಪ್ಸಾರು. ಬಸಿಯದೆ ಎಲ್ಲವನ್ನೂ ಒಟ್ಟಿಗೆ ಮಸೆದರೆ ಮಸ್ಸೊಪ್ಪು. ಉಪ್ಸಾರಿನ ನಿಜವಾದ ಸೀಮೆ ಮಂಡ್ಯ, ಹಾಸನಕ್ಕೆ ಅದು ನೆರೆಮನೆಯ ರುಚಿ. ಚಿಕ್ಕ ಮಕ್ಕಳಿರುವ ಮನೆಗೆ ಅದರಷ್ಟು ಅನುಕೂಲ ಇನ್ನೊಂದಿಲ್ಲ, ಖಾರ ಅವರವರ ತಟ್ಟೆಗೆ ಬಿಟ್ಟದ್ದು.

ಈ ಎಲ್ಲದರಲ್ಲೂ ಕಾಯಿ ಧಾರಾಳ. ಅರಸೀಕೆರೆ, ಪಕ್ಕದ ತಿಪಟೂರು ಎರಡೂ ಕೊಬ್ಬರಿಯ ಊರುಗಳು. ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದ ಮುಖ್ಯ ಕೆಲಸವೇ ತೆಂಗು. ಹಾಗಾಗಿ ಇಲ್ಲಿ ಪಲ್ಯಕ್ಕೆ ಕಾಯಿತುರಿ ಹಾಕುವಾಗ ಯಾರೂ ಚಮಚದಿಂದ ಅಳೆಯುವುದಿಲ್ಲ.

ಬಳ್ಳಿಯ ಕುಡಿ, ರಸ್ತೆಬದಿಯ ತಗಚೆ

ಮುಂಗಾರಿಗೆ ತಿಪ್ಪೆಯ ಪಕ್ಕದಲ್ಲಿ ಬಿದ್ದು ಹುಟ್ಟಿದ ಕುಂಬಳದ ಬಳ್ಳಿಯ ತುದಿಯನ್ನು ಗೇಣುದ್ದ ಕತ್ತರಿಸಿ ಪಲ್ಯ ಮಾಡುವುದು ಹಾಸನದ ಉದ್ದಗಲಕ್ಕೂ ಉಂಟು. ರೂಪದಲ್ಲೂ ಹದದಲ್ಲೂ ಆಸ್ಪರಾಗಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಬಹುಶಃ ಇದೇ. ಕುಡಿಯ ಮೇಲೆ ಚುಚ್ಚುವ ರೋಮವಿರುತ್ತದೆ. ಕಾಂಡದ ತುದಿಯನ್ನು ಉಗುರಿನಿಂದ ಮುರಿದು ಕೆಳಕ್ಕೆಳೆದರೆ ಸಿಪ್ಪೆ ನಾರಿನೊಂದಿಗೆ ಉದ್ದಕ್ಕೆ ಸುಲಿದು ಬರುತ್ತದೆ. ಎಲ್ಲಿ ನಾರು ಬರದೆ ಕುಡಿ ಕಟಕ್ಕನೆ ಮುರಿಯುತ್ತದೋ ಅಲ್ಲಿಂದ ಮೇಲೆ ಎಲ್ಲವೂ ಎಳೆಯದು. ಬಳ್ಳಿಯ ನುಲಿಗಳನ್ನು ಎಸೆದು, ಎಳೆಯೆಲೆ, ಕಾಂಡ, ಸಿಕ್ಕಿದರೆ ಒಂದೆರಡು ಗಂಡುಹೂವು ಸೇರಿಸಿ ಹೆಚ್ಚಿ, ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಾಡಿಸಿದರೆ ಸಾಕು, ನೀರು ಬೇಕಿಲ್ಲ. ಕುಡಿ ಚಿವುಟಿದರೆ ಬಳ್ಳಿಗೆ ನಷ್ಟವೇನೂ ಇಲ್ಲ. ಮುಖ್ಯ ಬಳ್ಳಿ ತಡೆದಾಗ ಕವಲು ಹೆಚ್ಚುತ್ತದೆ, ಹೆಣ್ಣುಹೂವು ಹೆಚ್ಚಾಗಿ ಬರುವುದು ಆ ಕವಲುಗಳಲ್ಲೇ. ಬೇಲೂರಿನ ತೋಟದ ಮನೆಗಳಲ್ಲಿ ಸೀಮೆಬದನೆಯ ಕುಡಿಗೂ ಇದೇ ಉಪಚಾರ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನವನ್ನು ಸುತ್ತಿ ಬರುವವರಿಗೆ ಆನೆ, ಸಿಂಹಗಳ ಸಾಲಿನ ಮೇಲೆ ಬಳ್ಳಿಯ ಪಟ್ಟಿಕೆ ಕಾಣುತ್ತದೆ. ಸುರುಳಿಸುರುಳಿಯಾಗಿ ಓಡುವ ಅದರ ಕುಡಿಗಳನ್ನು ನೋಡಿ ಕಲಾಚರಿತ್ರೆಯವರು ಪುಟಗಟ್ಟಲೆ ಬರೆದಿದ್ದಾರೆ. ಅದೇ ಊರಿನ ಹಿತ್ತಿಲ ಕುಂಬಳದ ಕುಡಿಯ ಬಗ್ಗೆ ಅಷ್ಟು ಮಾತಾಡಿದವರಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೂ ಬಂದ ಪ್ರವಾಸಿಗೆ ಹೋಟೆಲಿನಲ್ಲಿ ಗೋಬಿ ಮಂಚೂರಿ ಸಿಗುವಷ್ಟು ಸುಲಭವಾಗಿ ಬೆರಕೆ ಸೊಪ್ಪಿನ ಬಸ್ಸಾರು ಸಿಗುವುದಿಲ್ಲ. ದಿನಕ್ಕೊಂದು ರುಚಿಯಾಗುವ, ನಾಳೆ ಸಿಗುತ್ತದೆಂದು ಹೇಳಲಾಗದ ಸಾಮಗ್ರಿಯನ್ನು ಹೋಟೆಲಿನ ಫಲಕದಲ್ಲಿ ಬರೆಯುವುದೂ ಕಷ್ಟ ಅನ್ನಿ.

ಮೃಗಶಿರಕ್ಕೆ ಬೇಲೂರಿನ ಕಡೆ ರಸ್ತೆಬದಿಯಲ್ಲಿ ತಗಚೆ ದಟ್ಟವಾಗಿ ಏಳುತ್ತದೆ. ಕೆಲವರಿಗೆ ಇದು ಚಗಟೆ, ಇನ್ನು ಕೆಲವರಿಗೆ ತಗಟೆ. ಸೆನ್ನ ಟೋರ ಎಂಬ ಈ ಗಿಡದ ಎಲೆಗಳು ಸಂಜೆಗೆ ಮಡಚಿಕೊಳ್ಳುತ್ತವೆ. ಎರಡು ಮೂರು ಜೊತೆ ಎಲೆ ಬಿಟ್ಟ ಎಳೆಗಿಡಗಳ ತುದಿಯನ್ನಷ್ಟೇ ತಂದು, ಬೇಸಿಗೆಯಲ್ಲಿ ಕೂಡಿಟ್ಟ ಹಲಸಿನ ಬೀಜದೊಂದಿಗೆ ಪಲ್ಯ ಮಾಡುತ್ತಾರೆ. ಬಲಿತರೆ ವಾಸನೆ ಹೊಡೆಯುತ್ತದೆ, ಹೊಟ್ಟೆಯನ್ನೂ ಕೆಡಿಸುತ್ತದೆ. ಇದರ ಕಾಲ ಹದಿನೈದು ಇಪ್ಪತ್ತು ದಿನ. ಕೆಸುವಿನ ಎಲೆ ಮತ್ತು ದಂಟು ಇದರ ಬೆನ್ನಿಗೆ ಬರುತ್ತವೆ. ಅವುಗಳ ತುರಿಕೆಗೆ ಕಾರಣ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಹುಣಸೆಹಣ್ಣು ಧಾರಾಳವಾಗಿ ಬಿದ್ದು, ಚೆನ್ನಾಗಿ ಬೆಂದ ಮೇಲಷ್ಟೇ ಬಾಯಿಗೆ ಹಿತ. ಪತ್ರೊಡೆ ಬೇಲೂರಿನ ಪಶ್ಚಿಮಕ್ಕೆ ಹೋದಂತೆ ಹೆಚ್ಚುತ್ತದೆ, ಅರಸೀಕೆರೆಯಲ್ಲಿ ಅದು ಮದುವೆಯಾಗಿ ಬಂದ ಸೊಸೆಯರ ಅಡುಗೆ.

ಕಳಲೆ

ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಬಿದಿರುಮೆಳೆಯ ಬುಡದಿಂದ ಮೇಲೇಳುವ ಮೊಳಕೆಯೇ ಕಳಲೆ. ಈ ಸೀಮೆಯಲ್ಲಿ ಅದು ಬೇಲೂರಿನಿಂದ ಪಶ್ಚಿಮದ ಅಡುಗೆ. ಎರಡು ಬಿದಿರು ಮುಖ್ಯ. ಬುಡದಲ್ಲಿ ಮುಳ್ಳುಕೊಂಬೆ ಹೆಣೆದುಕೊಂಡಿರುವ ಹೆಬ್ಬಿದಿರು, ಅಂದರೆ ಬ್ಯಾಂಬೂಸ ಬ್ಯಾಂಬೋಸ್, ಮತ್ತು ಒಳಗೆ ಹೆಚ್ಚು ಟೊಳ್ಳಿಲ್ಲದ ಕಿರುಬಿದಿರು, ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್. ದಪ್ಪ ಕಳಲೆ ಹೆಬ್ಬಿದಿರಿನದು, ಮುಳ್ಳು ದಾಟಿ ಕೀಳುವ ಕಷ್ಟವೂ ಅದರದೇ. ಮೊಣಕಾಲೆತ್ತರ ಆಗುವುದರೊಳಗೆ ಕೀಳಬೇಕು. ಬಿದಿರು ದಿನಕ್ಕೆ ಗೇಣುಗಟ್ಟಲೆ ಏರುವ ಜಾತಿಯಾದ್ದರಿಂದ ವಾರ ತಡವಾದರೆ ಕಳಲೆ ಹೋಗಿ ಗಳ ಆಗಿರುತ್ತದೆ.

ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತವಿದ್ದು ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಮಲೆನಾಡಿನ ಹೆಂಗಸರಿಗೆ ಈ ರಸಾಯನ ಗೊತ್ತಿರಲಿಲ್ಲ, ಪರಿಹಾರ ಗೊತ್ತಿತ್ತು. ಪೊರೆಗಳನ್ನು ಒಂದೊಂದಾಗಿ ಬಿಡಿಸಿ, ಒಳಗಿನ ಬೆಣ್ಣೆಬಣ್ಣದ ಎಳೆಯ ಭಾಗವನ್ನು ತೆಳುವಾಗಿ ಹೆಚ್ಚಿ ನೀರಿನಲ್ಲಿ ಮುಳುಗಿಸಿಡುತ್ತಾರೆ. ದಿನವೂ ನೀರು ಬದಲಿಸಿ ಎರಡು ಮೂರು ದಿನ ಕಳೆದ ಮೇಲೆ ಬೇಯಿಸಿ, ಬೆಂದ ನೀರನ್ನೂ ಚೆಲ್ಲುತ್ತಾರೆ. ಚಿಗುರಡುಗೆಯಲ್ಲಿ ಕಟ್ಟನ್ನು ಉಳಿಸಿಕೊಳ್ಳಬಾರದ ಒಂದೇ ಸಾಮಗ್ರಿ ಇದು. ನೆನೆಹಾಕಿದ ಪಾತ್ರೆಯ ಹುಳಿ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುವುದೂ ಮನೆಯವರು ನಗುವುದೂ ಪ್ರತಿ ಮಳೆಗಾಲದ ಮಾತು.

ಹೀಗೆ ಹದಗೊಂಡ ಕಳಲೆ ಹೆಸರುಕಾಳಿನ ಜೊತೆ ಸಾರಾಗುತ್ತದೆ, ಕಾಯಿ ಮಸಾಲೆಯಲ್ಲಿ ಪಲ್ಯವಾಗುತ್ತದೆ, ಉಪ್ಪಿನಕಾಯಿಗೂ ಬೀಳುತ್ತದೆ. ಜೊತೆಗೆ ಅಕ್ಕಿರೊಟ್ಟಿ ಅಥವಾ ಕಡುಬು, ಇಲ್ಲಿ ಮುದ್ದೆ ಹಿಂದಿನ ಸಾಲಿಗೆ ಸರಿಯುತ್ತದೆ. ಕೊಡಗಿನಲ್ಲಿ ಇದಕ್ಕೆ ಬೈಂಬಳೆ ಎಂದು ಹೆಸರು. ಹೆಚ್ಚಿಗೆ ಸಿಕ್ಕಿದ್ದನ್ನು ಉಪ್ಪುನೀರಿನ ಭರಣಿಯಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ.

ಕನ್ನಡದ ಅಡುಗೆಯ ಬರಹಗಳಿಗೂ ಕಳಲೆ ಹಳೆಯ ಪರಿಚಯ. 16ನೆಯ ಶತಮಾನದ ಆರಂಭದಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸ ತನ್ನ ಸೂಪಶಾಸ್ತ್ರದಲ್ಲಿ ಬದನೆ, ಬಾಳೆ, ಹಲಸುಗಳಂತೆ ಕಳಲೆಗೂ ಜಾಗ ಕೊಟ್ಟಿದ್ದಾನೆ. ಅದಕ್ಕೂ ಹಿಂದೆ, ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವಿದೆ. ಹೊಯ್ಸಳ ದೊರೆ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅದಾಗಿ ಹತ್ತಾರು ವರ್ಷಗಳಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಅರಮನೆಯ ಊಟವನ್ನು ವಿವರವಾಗಿ ಬಣ್ಣಿಸಿತು. ಬರೆದವರು ಅರಸರು, ಮಂತ್ರಿಗಳು, ಪಂಡಿತರು. ಹೊಲದ ಕಳೆಯ ಬಸ್ಸಾರನ್ನು ಬರೆದಿಡುವ ಅಗತ್ಯ ಅವರಿಗೆ ಬಂದಿರಲಾರದು.

ಕಾಡಿನ ಕಳಲೆಯನ್ನು ಈಗ ಬೇಕಾದಂತೆ ಕೀಳುವಂತಿಲ್ಲ. ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರಗಳ ಪಟ್ಟಿಯಿಂದ ತೆಗೆಯಿತೇ ಹೊರತು ಕಾಯ್ದಿಟ್ಟ ಅರಣ್ಯದ ಮೆಳೆಗೆ ಅದು ಅನ್ವಯಿಸುವುದಿಲ್ಲ. ಮೊಳಕೆ ಕಿತ್ತರೆ ಮೆಳೆ ಬಡವಾಗುತ್ತದೆ, ಆನೆಯ ಮೇವೂ ಕಡಿಮೆಯಾಗುತ್ತದೆ. ಅದಲ್ಲದೆ ಬಿದಿರು ಹಲವು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಅಕ್ಕಿ ಉದುರಿಸಿ ಸಾಯುತ್ತದೆ. ಹಾಗೆ ಸತ್ತ ಕಡೆ ಹೊಸ ಮೆಳೆ ಕಟ್ಟಿಕೊಳ್ಳುವವರೆಗೆ ವರ್ಷಗಟ್ಟಲೆ ಕಳಲೆಯೇ ಇಲ್ಲ. ತೋಟದ ಬದುವಿನಲ್ಲಿ ಬಿದಿರು ನೆಟ್ಟುಕೊಂಡ ಮನೆಗಳೇ ಈಗ ಕಳಲೆಯ ಭರವಸೆಯ ಮೂಲ.

ಇತ್ತೀಚಿನ ಬದಲಾವಣೆ

ಬೆರಕೆ ಸೊಪ್ಪಿಗೆ ದೊಡ್ಡ ಪೆಟ್ಟು ಬಿದ್ದಿರುವುದು ಕಳೆನಾಶಕದಿಂದ. ಕೂಲಿಯಾಳು ಸಿಗದ ಹೊಲ, ತೆಂಗಿನ ತೋಟಗಳಲ್ಲಿ ಔಷಧಿ ಹೊಡೆಯುವುದು ಸಾಮಾನ್ಯವಾದ ಮೇಲೆ ಅಣ್ಣೆಸೊಪ್ಪು, ಹೊನಗೊನೆ ಅಲ್ಲೇ ಸುಟ್ಟುಹೋಗುತ್ತವೆ. ಉಳಿದದ್ದನ್ನು ಕೊಯ್ಯಲೂ ಭಯ, ಯಾವ ಬದುವಿಗೆ ಯಾವಾಗ ಹೊಡೆದಿದ್ದಾರೋ ಪಕ್ಕದ ಹೊಲದವರಿಗೆ ತಿಳಿಯದು. ಅಕ್ಕಡಿ ಸಾಲು ಬಿಟ್ಟು ಒಂದೇ ಬೆಳೆ ಹಾಕುವುದು, ರಾಗಿಯ ಜಾಗಕ್ಕೆ ಶುಂಠಿ, ಮೆಕ್ಕೆಜೋಳ ಬಂದದ್ದೂ ಸೊಪ್ಪಿನ ಸಂಖ್ಯೆಯನ್ನು ತಗ್ಗಿಸಿದೆ. ಸಂತೆಯಲ್ಲಿ ಈಗ ಸಿಗುವುದು ಹೆಚ್ಚಾಗಿ ಬೇಸಾಯದ ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆ. ಇವುಗಳಿಂದಲೂ ಬಸ್ಸಾರು ಆಗುತ್ತದೆ, ಕಹಿಯ ಒಂದು ಎಳೆ ಮಾತ್ರ ತಪ್ಪಿಹೋಗಿರುತ್ತದೆ. ಗಣಿಕೆಯನ್ನೂ ಅದರ ಹಾಗೆ ಕಾಣುವ ಬೇರೆ ಗಿಡವನ್ನೂ ಬೇರ್ಪಡಿಸಿ ಗುರುತಿಸುವ ಕಣ್ಣು ಪುಸ್ತಕ ಓದಿ ಬರುವಂಥದ್ದಲ್ಲ. ಹೊಲಕ್ಕೆ ಹೋಗದ ತಲೆಮಾರಿಗೆ ಅದು ಕೈತಪ್ಪುತ್ತಿದೆ.

ಇನ್ನೊಂದು ಕಡೆ, ಅಮೆರಿಕ, ಯೂರೋಪುಗಳಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ವಸಂತದ ಆಸ್ಪರಾಗಸ್ ಹುರುಳಿಕಾಯಿ ಪಲ್ಯದ ದಾರಿ ಹಿಡಿದಿದೆ. ಬುಡದ ಗಟ್ಟಿ ಭಾಗವನ್ನು ಮುರಿದು ತೆಗೆದು, ಬೆರಳ ಗೆಣ್ಣಿನಷ್ಟು ಉದ್ದಕ್ಕೆ ಹೆಚ್ಚಿ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿಯ ಒಗ್ಗರಣೆಯಲ್ಲಿ ನಾಲ್ಕೈದು ನಿಮಿಷ ಬಾಡಿಸಿ ಕಾಯಿತುರಿ ಉದುರಿಸುವುದು. ಹುರುಳಿಕಾಯಿಯಷ್ಟು ಹೊತ್ತು ಬೇಯಿಸಿದರೆ ತುದಿ ಕರಗಿ ಲೋಳೆಯಾಗುತ್ತದೆ, ಆದ್ದರಿಂದ ಬುಡದ ತುಂಡುಗಳನ್ನು ಮೊದಲು, ತುದಿಗಳನ್ನು ಕೊನೆಗೆ ಹಾಕಬೇಕು. ತೊಗರಿಬೇಳೆಯ ಹುಳಿಗೂ ಇದು ಹೊಂದುತ್ತದೆ. ಮುರಿದೆಸೆಯುವ ಬುಡಗಳನ್ನು ಬೇಳೆಯೊಂದಿಗೆ ಬೇಯಿಸಿ ಕಟ್ಟು ಬಸಿದುಕೊಂಡರೆ ಬಸ್ಸಾರಿಗೂ ಆಗುತ್ತದೆ. ನಾರಿರುವ ಆ ಬುಡಗಳು ಪಲ್ಯಕ್ಕೆ ಬಾರವು, ಅವುಗಳ ರುಚಿಯೆಲ್ಲ ಕಟ್ಟಿಗೆ ಇಳಿದಿರುತ್ತದೆ.